ಸ್ಪಿಟ್‌ಫೈರ್ ಸಿಲ್ ಕೊಯ್ಯೋಕೆ ಮುಂಚೆ: ತುಕ್ಕು, ಬಾಗಿಲ ಗ್ಯಾಪು, ಕಾಕಂಬಿ, ಟ್ರನಿಯನ್

ಇದು ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಸಿಲ್ (ಬಾಗಿಲ ಕೆಳಗೆ ಉದ್ದಕ್ಕೂ ಹೋಗೋ ತಗಡಿನ ಪೆಟ್ಟಿಗೆ) ಬದಲಿಸೋದನ್ನ ಇಟ್ಕೊಂಡು ಬರೆದ ನೋಟ್ಸು, ಆದ್ರೆ ಎಂಜಿಬಿ, ಮಿಜೆಟ್ ಥರ ಮೇಲೆ ಛಾವಣಿ ಇಲ್ಲದ ಯಾವ ಹಳೇ ಗಾಡಿಗಾದ್ರೂ ಮುಕ್ಕಾಲು ಭಾಗ ಹೊಂದುತ್ತೆ. ವೆಲ್ಡಿಂಗ್ ಹಿಡಿಯೋದು, ಗ್ರೈಂಡರ್ ಹಿಡಿಯೋದು ಬರುತ್ತೆ ಅಂದ್ಕೊಂಡೇ ಬರೀತಿದೀನಿ, ಅದನ್ನ ಇಲ್ಲಿ ಹೇಳ್ಕೊಡಲ್ಲ. ಪುಣೆ ಹತ್ರ ಭೋಸರಿ ಶೆಡ್ಡಲ್ಲಿ ನಾವು ಬಿಚ್ಚಿರೋ ಗಾಡಿ ಮೊದ್ಲು ಮುಂಬೈಲಿ ಸಮುದ್ರದ ಹತ್ರ ಒಂದು ಬಿಲ್ಡಿಂಗ್ ಕಾಂಪೌಂಡಲ್ಲಿ ಟಾರ್ಪಾಲ್ ಹೊದ್ಕೊಂಡು ವರ್ಷಗಟ್ಟಲೆ ನಿಂತಿತ್ತು, ಟಾರ್ಪಾಲ್ ಮೇಲಿನ ಮಳೆ ತಡೀತು, ಒಳಗಿನ ತೇವ ಹೊರಗೆ ಹೋಗೋಕೂ ಬಿಡಲಿಲ್ಲ.

ತುಕ್ಕಿನ ಕೆಮಿಸ್ಟ್ರಿ ಎಲ್ಲರಿಗೂ ಗೊತ್ತು, ಎರಡೇ ಮಾತು. ಗಾಳಿ ತೇವ ಸುಮಾರು 60% ದಾಟಿದ್ರೆ ಬರೀ ಕಬ್ಬಿಣಕ್ಕೆ ತುಕ್ಕು ಜೋರಾಗುತ್ತೆ, ಮೇಲೆ ಉಪ್ಪು ಕೂತಿದ್ರೆ ಇನ್ನೂ ಕಮ್ಮಿ ತೇವದಲ್ಲೇ ಶುರು, ಯಾಕಂದ್ರೆ ಉಪ್ಪು ತಾನೇ ನೀರು ಎಳ್ಕೊಳ್ಳುತ್ತೆ. ಇನ್ನೊಂದು, ತುಕ್ಕು ಅದು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಹಿಡಿಯುತ್ತೆ, ಅದಕ್ಕೇ ಎರಡು ತಗಡು ಒಂದರ ಮೇಲೊಂದು ಕೂತ ಜಾಗದಲ್ಲಿ ಒಳಗಿಂದ ಉಬ್ಬಿ ಸ್ಪಾಟ್ ವೆಲ್ಡನ್ನೇ ಕಿತ್ತು ಹಾಕುತ್ತೆ. ಪೇಂಟ್ ಮೇಲೆ ಕಡ್ಲೆಕಾಳಷ್ಟು ಗುಳ್ಳೆ ಕಂಡ್ರೆ ಒಳಗೆ ಅಂಗೈ ಅಗಲ ಹೋಗಿದೆ ಅಂತಲೇ ಲೆಕ್ಕ ಹಾಕಿ. ಸ್ಪಿಟ್‌ಫೈರಲ್ಲಿ ಮೊದ್ಲು ನೋಡಬೇಕಾದ ಜಾಗ ಅಂದ್ರೆ ಬ್ಯಾಟರಿ ಕೂರೋ ತಟ್ಟೆ (ಆಸಿಡ್ ಚೆಲ್ಲಿ ಇಂಜಿನ್ನಿಗೂ ಸೀಟಿನ ಜಾಗಕ್ಕೂ ನಡುವಿನ ಗೋಡೆ, ಅಂದ್ರೆ ಬಲ್ಕ್‌ಹೆಡ್ಡೇ ಹೋಗಿರುತ್ತೆ), ಫ್ಲೋರಿನ ಅಂಚು, ಮುಂದಿನ ಚಕ್ರದ ಹಿಂದೆ ಸಿಲ್ಲಿನ ಮೂತಿ.

ಚಾಸಿ ಇದೆಯಲ್ಲ, ಸಿಲ್ ಯಾಕೆ ಬೇಕು?

ನನ್ನ ತಲೆ ತುಂಬಾ ದಿನ ಸಿಕ್ಕಾಕೊಂಡಿದ್ದು ಇಲ್ಲೇ, ಅದಕ್ಕೆ ಉದ್ದ ಬರೀತೀನಿ, ಬೋರಾದ್ರೆ ಮುಂದಿನ ಹೆಡ್ಡಿಂಗಿಗೆ ಹೋಗಿ.

ನಮ್ಮ ಕಡೆ ಹಳೇ ಮೆಕ್ಯಾನಿಕ್‌ಗಳಿಗೆಲ್ಲ ಸ್ಟ್ಯಾಂಡರ್ಡ್ ಹೆರಾಲ್ಡ್ ಗೊತ್ತು, ಮದ್ರಾಸಲ್ಲಿ ತಯಾರಾಗ್ತಿದ್ದಿದ್ದು, ಟ್ರಯಂಫ್ ಹೆರಾಲ್ಡಿನ ಭಾರತದ ಅವತಾರ. ಅದಕ್ಕೆ ಪ್ರತ್ಯೇಕ ಚಾಸಿ, ಅಂದ್ರೆ ಬಾಡಿ ಹೊರೋ ಕಬ್ಬಿಣದ ಚೌಕಟ್ಟು. ಸ್ಪಿಟ್‌ಫೈರ್ 1962ರಲ್ಲಿ ಬಂದಿದ್ದೂ ಅದೇ ಹೆರಾಲ್ಡ್ ಮೂಲದಿಂದ, ಎರಡರ ಡಿಸೈನೂ ಇಟಲಿಯ ಡಿಸೈನರ್ ಮಿಕೆಲೋಟಿದೇ, ಬಾನೆಟ್ ಎರಡರಲ್ಲೂ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಎದ್ದು ನಿಲ್ಲುತ್ತೆ. ಹಾಗಾಗಿ ಯಾರನ್ನ ಕೇಳಿದ್ರೂ 'ಚಾಸಿ ಗಾಡಿ ಕಣ್ರೀ, ಸಿಲ್ ಬರೀ ಶೋಗೆ, ಪುಟ್ಟಿ ಹಾಕಿ ಬಣ್ಣ ಹೊಡೀರಿ' ಅಂತಾರೆ. ಹೆರಾಲ್ಡಿಗೆ ಅದು ಒಂದು ಮಟ್ಟಿಗೆ ನಡೆಯುತ್ತೆ. ಅದರ ಚಾಸಿಗೆ ನಡುವಿನ ಬೆನ್ನೆಲುಬಿನ ಜೊತೆ ಅಕ್ಕಪಕ್ಕ ಚಾಚಿರೋ ಕೈಗಳೂ, ಅಂಚಿನ ರೈಲುಗಳೂ ಇವೆ, ಬಾಡಿ ಅದರ ಮೇಲೆ ಕೂತಿರುತ್ತೆ. ಸ್ಪಿಟ್‌ಫೈರಿಗೆ ವ್ಹೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ) 91.5 ಇಂಚಿಂದ 83 ಇಂಚಿಗೆ ಇಳಿಸಿದಾಗ ಆ ಅಂಚಿನ ರೈಲುಗಳನ್ನೂ ತೆಗೆದು ಹಾಕಿದ್ರು, ಉಳಿದಿದ್ದು ನಡುವಿನ ಬೆನ್ನೆಲುಬು ಮಾತ್ರ. ಅಂಚಿನ ಕೆಲಸ ಬಾಡಿಯ ಸಿಲ್ಲಿಗೆ ಬಿತ್ತು. ನಂಬಿಕೆ ಬರದಿದ್ರೆ ಹಿಂದಿನ ಸಸ್ಪೆನ್ಶನಿನ ರೇಡಿಯಸ್ ಆರ್ಮ್ (ಚಕ್ರ ಹಿಂದೆ ಮುಂದೆ ಸರಿಯದ ಹಾಗೆ ಹಿಡಿಯೋ ಸರಳು) ಎಲ್ಲಿ ಬೋಲ್ಟ್ ಆಗಿದೆ ನೋಡಿ, ಚಾಸಿಗಲ್ಲ, ಸೀಟಿನ ಹಿಂದೆ ಬಾಡಿಗೇ! ಚಕ್ರದ ಹೊಡೆತ ನೇರ ತಗಡಿಗೆ ಬರ್ತಿದೆ ಅಂದಮೇಲೆ ಅದು ಶೋ ತಗಡು ಹೇಗಾಗುತ್ತೆ.

ಸಿಲ್ ಅಂದ್ರೆ ಒಂದು ತಗಡಲ್ಲ, ಮೂರು: ಒಳ ಸಿಲ್, ಹೊರ ಸಿಲ್, ಮಧ್ಯೆ ಗಟ್ಟಿ ಮಾಡೋ ಪಟ್ಟಿ. ಮೂರೂ ಸೇರಿ ಮುಚ್ಚಿದ ಪೆಟ್ಟಿಗೆ ಆದಾಗಲೇ ಬಲ. ಬೆಂಕಿಪೊಟ್ಟಣದ ಒಳಗಿನ ತಟ್ಟೆ ಒಂದನ್ನೇ ತಿರುಚಿ ನೋಡಿ, ಸಲೀಸಾಗಿ ತಿರುಗುತ್ತೆ, ಹೊರ ಕವಚಕ್ಕೆ ತಳ್ಳಿ ತಿರುಚಿ, ಆಗಲ್ಲ. ಪೆಟ್ಟಿಗೆಯ ಒಂದೇ ಒಂದು ಅಂಚು ಉದ್ದಕ್ಕೂ ತುಕ್ಕು ತಿಂದು ಬಿಟ್ಕೊಂಡ್ರೂ ತಿರುಚು ತಡೆಯೋ ಶಕ್ತಿ ಹತ್ರಹತ್ರ ಪೂರ್ತಿ ಹೋಯ್ತು ಅಂತಲೇ. ಅದಕ್ಕೇ ಹೊಸ ಹೊರ ಸಿಲ್ಲನ್ನ ಕೊಳೆತ ಹಳೇದರ ಮೇಲೆ ಮುಚ್ಚಿ ಬೆಸೆಯೋ ಐಡಿಯಾ ಕೆಟ್ಟದ್ದು, ಹೊರಗೆ ಚೆಂದ, ಒಳಗೆ ಹಿಡ್ಕೊಳ್ಳೋಕೆ ಏನೂ ಇಲ್ಲ.

ಗ್ಯಾಪ್ ಓದೋದು

ಕೊಯ್ಯೋ ಮುಂಚೆ ಬಾಗಿಲ ಗ್ಯಾಪು ಯಾಕೆ ನೋಡಬೇಕು ಅನ್ನೋದು. ನಮ್ಮ ಶೆಡ್ಡಿಗೆ ಬರೋ ವಿಜಯಪುರದ ವೆಲ್ಡರ್ ಕಾಕಾ ಗ್ರೈಂಡರ್ ಪ್ಲಗ್ ಹಾಕೋಕೂ ಬಿಡಲ್ಲ, 'ತಮ್ಮಾ, ಮೊದ್ಲ ಬಾಗ್ಲಾ ಮುಚ್ಚಿ ತೆರದು ನೋಡು, ಗಾಡಿ ತಾನ ಹೇಳ್ತದ' ಅಂತಾರೆ. ಏನು ಹೇಳುತ್ತೆ ಅನ್ನೋದನ್ನ ನಾನು ಕಾಗದದ ಮೇಲೆ ಗೀಚಿಕೊಂಡ ಮೇಲೇ ಅರ್ಥ ಆಗಿದ್ದು.

ಗಾಡೀನ ಒಂದು ಉದ್ದ ತೊಲೆ ಅಂದ್ಕೊಳ್ಳಿ, ಎರಡು ತುದೀಲಿ ಚಕ್ರ ಹೊತ್ಕೊಂಡಿದೆ, ಮಧ್ಯೆ ಭಾರ. ಸಿಲ್ ಸೋತ್ರೆ ಮಧ್ಯ ಕೆಳಗೆ ಜೋತು ಬೀಳುತ್ತೆ. ಮಧ್ಯ ಕುಸಿದ್ರೆ ತೊಲೆ ಮೇಲೆ ನೆಟ್ಟಗೆ ನಿಂತಿರೋ ಎರಡು ಕಂಬ, ಅಂದ್ರೆ ಬಾಗಿಲ ಹಿಂಜಿನ ಕಂಬ ಮತ್ತು ಲಾಕಿನ ಕಂಬ, ತಲೆ ಹತ್ರ ಹತ್ರ ಬರ್ತವೆ. ಹಾಗಾಗಿ ಬಾಗಿಲ ಹಿಂದಿನ ಗ್ಯಾಪು ಮೇಲೆ ಕಿರಿದು, ಕೆಳಗೆ ಅಗಲ. ಉದಾಹರಣೆಗೆ ಮೇಲೆ 2 ಮಿ.ಮೀ., ಕೆಳಗೆ 7 ಮಿ.ಮೀ. ಬಂದ್ರೆ ಗಾಡಿ ನಡು ಕುಸಿದಿದೆ. ಈಗ ಅದೇ ಗಾಡೀನ ಫ್ಲೋರಿನ ನಡುವೆ ಸ್ಟ್ಯಾಂಡ್ ಕೊಟ್ಟು ಎತ್ತಿ, ಮೂತಿ ಬಾಲ ಎರಡೂ ತಮ್ಮ ಭಾರಕ್ಕೆ ಕೆಳಗೆ ಬೀಳ್ತವೆ, ಕಂಬಗಳ ತಲೆ ದೂರ ಹೋಗುತ್ತೆ, ಗ್ಯಾಪು ಮೇಲೆ ಅಗಲ, ಕೆಳಗೆ ಕಿರಿದು. ಅಂದ್ರೆ ಒಂದೇ ಗಾಡಿ, ಒಂದೇ ದಿನ, ಸ್ಟ್ಯಾಂಡ್ ಎಲ್ಲಿಟ್ರಿ ಅನ್ನೋದರ ಮೇಲೆ ಎರಡು ಉಲ್ಟಾ ಉತ್ತರ ಕೊಡುತ್ತೆ. ಆ ಸ್ಥಿತೀಲಿ ಹೊಸ ಸಿಲ್ ಬೆಸೆದ್ರೆ ಆ ತಪ್ಪು ಆಕಾರವೇ ಕಾಯಂ, ಆಮೇಲೆ ಬಾಗಿಲನ್ನ ಸುತ್ತಿಗೇಲಿ ಹೊಡೆದು ಕೂರಿಸೋ ಕರ್ಮ.

ಇದರಿಂದ ಬರೋ ಕ್ರಮ ಇಷ್ಟು: ಟಬ್ಬನ್ನ (ಸೀಟು ಕೂರೋ ಬಾಡಿಯ ಮುಖ್ಯ ತೊಟ್ಟಿ) ಚಾಸಿಯಿಂದ ಎತ್ತಬೇಡಿ, ಬೋಲ್ಟ್ ಆಗಿದ್ದಾಗಲೇ ಸಿಲ್ ಮಾಡಿ. ಸ್ಟ್ಯಾಂಡುಗಳನ್ನ ಚಾಸಿಗೇ ಕೊಡಿ, ಮುಂದೆ ಸಸ್ಪೆನ್ಶನ್ ಹತ್ರ, ಹಿಂದೆ ಡಿಫರೆನ್ಷಿಯಲ್ ಹತ್ರ, ಚಕ್ರದ ಮೇಲೆ ನಿಂತ ಹಾಗೇ ಭಾರ ಬೀಳಲಿ, ಲೆವೆಲ್ ಇಟ್ಟು ನೋಡಿ. ಬಾಗಿಲು ಹಾಕಿ ಗ್ಯಾಪು ಮೇಲೆ ಕೆಳಗೆ ಒಂದೇ ಆಗೋವರೆಗೆ ಅಡ್ಜಸ್ಟ್ ಮಾಡಿ, ಆಮೇಲೆ ಬಾಗಿಲು ತೆಗೆದು ಹಿಂಜಿನ ತೂತಿಂದ ಲಾಕಿನ ತೂತಿಗೆ 25 ಮಿ.ಮೀ. ಚೌಕ ಪೈಪ್ ಬೋಲ್ಟ್ ಮಾಡಿ, ಒಂದು ಕರ್ಣಾಕಾರವಾಗಿ ಅಡ್ಡ. ಎರಡೂ ಬಾಗಿಲಿಗೆ. ಆಮೇಲೇ ಕೊಯ್ಯೋದು, ಅದೂ ಒಂದು ಸೈಡ್ ಪೂರ್ತಿ ಮುಗಿದ ಮೇಲೆ ಇನ್ನೊಂದು. ಪೂರ್ತಿ ವೆಲ್ಡ್ ಮಾಡೋ ಮುಂಚೆ ಬರೀ ಟ್ಯಾಕ್ (ಚುಕ್ಕಿ ಬೆಸುಗೆ) ಹಾಕಿ ಬಾಗಿಲು ಮತ್ತೆ ಹಚ್ಚಿ ನೋಡೋದು ಬೇಜಾರಿನ ಕೆಲಸ, ಬಿಡಬೇಡಿ, ಟ್ಯಾಕ್ ಆದ್ರೆ ಕಿತ್ತು ಸರಿ ಮಾಡಬಹುದು.

ವೆಲ್ಡಿಂಗ್ ಚುಟುಕಾಗಿ: ಮಿಗ್, 0.6 ಮಿ.ಮೀ. ತಂತಿ, ಆರ್ಗಾನ್ ಮಿಕ್ಸ್. ಫ್ಯಾಕ್ಟರಿ ಸ್ಪಾಟ್ ಇದ್ದ ಕಡೆ ಮೇಲಿನ ತಗಡಿಗೆ 6-8 ಮಿ.ಮೀ. ತೂತು ಹೊಡೆದು ಪ್ಲಗ್ ವೆಲ್ಡ್. ಒಂದೇ ಕಡೆ ಎಳ್ಕೊಂಡು ಹೋಗಬೇಡಿ, ಅಲ್ಲೊಂದು ಇಲ್ಲೊಂದು, ಇಲ್ಲಾಂದ್ರೆ ತಗಡು ಬಿಸಿಗೆ ಹಪ್ಪಳ. ಜಿಐ ಶೀಟ್ ತಂದಿದ್ರೆ ಅಂಚಿನ ಜಿಂಕ್ ಉಜ್ಜಿ ತೆಗೀರಿ, ಆ ಬಿಳಿ ಹೊಗೆ ಕುಡಿದ್ರೆ ರಾತ್ರಿ ಜ್ವರ ಗ್ಯಾರಂಟಿ.

ಕಾಕಂಬಿ

ಈಗ ನನ್ನ ಇಷ್ಟದ ವಿಷಯ. ಬ್ರಾಕೆಟ್ಟು, ಹಿಂಜು, ಸಸ್ಪೆನ್ಶನ್ ಆರ್ಮು ಥರದ ಬಿಡಿ ಸಾಮಾನಿಗೆ ವೈರ್ ಬ್ರಶ್ ಉಜ್ಜಿ ಕೈ ನೋಯಿಸ್ಕೊಳ್ಳೋ ಬದ್ಲು ಕಾಕಂಬೀಲಿ (ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಪಾಕ) ನೆನೆಹಾಕಿ. ಪುಣೆ ಜಿಲ್ಲೆ ತುಂಬಾ ಸಕ್ಕರೆ ಕಾರ್ಖಾನೆ, ದನದ ಮೇವಿನ ಅಂಗಡೀಲಿ ಮರಾಠೀಲಿ ಮಳಿ ಅಂತ ಕೇಳಿದ್ರೆ ಸಿಗುತ್ತೆ. ಒಂದು ಪಾಲು ಕಾಕಂಬಿಗೆ ಎಂಟು-ಒಂಬತ್ತು ಪಾಲು ನೀರು, ಹಳೇ ಪ್ಲಾಸ್ಟಿಕ್ ಡ್ರಮ್ಮು, ಎರಡರಿಂದ ನಾಲ್ಕು ವಾರ. ಅದು ತುಕ್ಕನ್ನ ಹಿಡಿದು ಕರಗಿಸುತ್ತೆ, ಒಳ್ಳೇ ಕಬ್ಬಿಣಕ್ಕೆ ಹೆಚ್ಚೇನೂ ಆಗಲ್ಲ. ವಾಸನೆ ಮಾತ್ರ ಹೇಳಬಾರದು, ನೊಣ ಬರುತ್ತೆ, ಮುಚ್ಚಳ ಹಾಕಿ ಮನೆಯಿಂದ ದೂರ ಇಡಿ. ಅಲ್ಯುಮಿನಿಯಂ, ಜಿಂಕ್ ಎರಕದ್ದು (ಬಾಗಿಲ ಹಿಡಿ, ಎಸ್‌ಯು ಕಾರ್ಬುರೇಟರ್ ಬಾಡಿ) ಹಾಕಲೇಬೇಡಿ, ತಿಂದು ಹಾಕುತ್ತೆ. ತೆಗೆದ ತಕ್ಷಣ ತೊಳೆದು, ಬಿಸಿಲಲ್ಲೋ ಹೀಟ್ ಗನ್ನಲ್ಲೋ ಒಣಗಿಸಿ ಪ್ರೈಮರ್, ಮಳೆಗಾಲದಲ್ಲಿ ಟೀ ಕುಡಿದು ಬರೋಷ್ಟರಲ್ಲಿ ಕೇಸರಿ ಹಿಡಿದಿರುತ್ತೆ.

ಅರ್ಜೆಂಟ್ ಇದ್ರೆ ಎಲೆಕ್ಟ್ರಾಲಿಸಿಸ್. ನೀರಿಗೆ ವಾಷಿಂಗ್ ಸೋಡ, 12 ವೋಲ್ಟ್ ಚಾರ್ಜರ್, ನಿಮ್ಮ ಪಾರ್ಟ್ ನೆಗೆಟಿವ್‌ಗೆ, ಪಾಸಿಟಿವ್‌ಗೆ ಬೇಡದ ಕಬ್ಬಿಣದ ತುಂಡು. ಸ್ಟೀಲ್ ಪಾತ್ರೆ ತುಂಡು ಬೇಡ, ಸ್ಟೇನ್‌ಲೆಸ್‌ನಿಂದ ವಿಷದ ಕ್ರೋಮಿಯಂ ನೀರಿಗೆ ಬರುತ್ತೆ. ಅಡುಗೆ ಉಪ್ಪೂ ಬೇಡ, ಕ್ಲೋರಿನ್ ಏಳುತ್ತೆ. ಹೈಡ್ರೋಜನ್ ಗುಳ್ಳೆ ಬರೋದ್ರಿಂದ ಬಾಗಿಲು ತೆಗೆದಿರೋ ಜಾಗ, ಬೀಡಿ ಸಿಗರೇಟು ದೂರ. ಸ್ಪ್ರಿಂಗನ್ನ ಆಸಿಡ್‌ಗೂ ಇದಕ್ಕೂ ಹಾಕಬೇಡಿ, ಹೈಡ್ರೋಜನ್ ಒಳಗೆ ಹೋಗಿ ಪೆಡಸಾಗಿ ಮುರಿಯುತ್ತೆ.

ಪಾರ್ಟ್ಸು

ಬೋಲ್ಟು ಹೆಚ್ಚಿನವು ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ) ಥ್ರೆಡ್, ಮೆಟ್ರಿಕ್ ತುರುಕಬೇಡಿ. ಅರ್ಧ ಇಂಚಿನ ತಲೆ 12.7 ಮಿ.ಮೀ., 13ರ ಪಾನಾ ಹಾಕಿ ಎಳೆದ್ರೆ ತುಕ್ಕು ಹಿಡಿದ ತಲೆ ಉಂಡೆ ಆಗುತ್ತೆ, ಇಂಚಿನ ಸೆಟ್ಟೇ ತಗೊಳ್ಳಿ. ಪುಣೆಯ ನಾನಾ ಪೇಠಲ್ಲಿ ಹೊಸದು, ಜೂನಾ ಬಜಾರಲ್ಲಿ ಭಾನುವಾರ ಬುಧವಾರ ಹಳೇದು.

ರಿಜಿಸ್ಟ್ರೇಷನ್ ಬಗ್ಗೆ ಒಂದು ವಿಷಯ ಮೊದ್ಲೇ ತಿಳ್ಕೊಂಡಿರಿ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ 'ವಿಎ' ಸೀರೀಸಿನ ವಿಂಟೇಜ್ ನಂಬರ್ ಇದೆ, ಆದ್ರೆ ಚಾಸಿ, ಬಾಡಿ ಶೆಲ್, ಇಂಜಿನ್ ಮಾರ್ಪಾಡು ಆಗಿರಬಾರದು. ಹಾಗಾಗಿ ಮೂಲ ಆಕಾರದ ಪ್ಯಾನೆಲ್ಲೇ ಹಾಕಿ, ಕೊಯ್ಯೋ ಮುಂಚೆ ಆದ ಮೇಲೆ ಫೋಟೋ ಇಟ್ಕೊಳ್ಳಿ.

ಹೆರಾಲ್ಡ್ ನೆಂಟಸ್ತಿಕೆ ನಿಜಕ್ಕೂ ಕೆಲಸಕ್ಕೆ ಬರೋದು ಮುಂದಿನ ಸಸ್ಪೆನ್ಶನಲ್ಲಿ, ಹಳೇ ಸ್ಟಾಕ್ ಇಟ್ಟಿರೋ ಅಂಗಡೀಲಿ ಹೆರಾಲ್ಡ್ ಟ್ರನಿಯನ್ ಅಂತ ಕೇಳಿ, ಸ್ಪಿಟ್‌ಫೈರ್ ಅಂದ್ರೆ ಮುಖ ನೋಡ್ತಾರೆ. ಎಲ್ಲ ವರ್ಷದ್ದೂ ನೇರ ಕೂರುತ್ತೆ ಅಂತಲ್ಲ, ಪಾರ್ಟ್ ನಂಬರ್ ತಾಳೆ ಹಾಕಿ. ಸ್ಟೀಲಿನ ಉದ್ದ ಕಂಬ, ಅದರ ತುದಿಯ ಥ್ರೆಡ್ ಕಂಚಿನ ಗಟ್ಟಿಯೊಳಗೆ (ಅದೇ ಟ್ರನಿಯನ್) ತಿರುಗ್ತಾ ಇರುತ್ತೆ, ಸ್ಟೀರಿಂಗ್ ತಿರುಗೋದೇ ಅದರ ಮೇಲೆ. ಎಡದ್ದು ಬಲಕ್ಕೆ ಹತ್ತಲ್ಲ, ಥ್ರೆಡ್ ತಿರುವು ಉಲ್ಟಾ. ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಚಕ್ರ ಎರಡೂ ಕಡೆ ಪೂರ್ತಿ ತಿರುಗೋಷ್ಟು ಹಿಂದಕ್ಕೆ ಬಿಡಿ. ಇದಕ್ಕೆ ಗ್ರೀಸಲ್ಲ, ಇಪಿ 90 ಗೇರ್ ಆಯಿಲ್. ಗ್ರೀಸ್ ಒಣಗಿ ಗಟ್ಟಿಯಾದ್ರೆ ಆಯಿಲ್ ದಾರಿ ಮುಚ್ಚುತ್ತೆ, ನೀರು ಒಳಗೆ ಸೇರಿ ಥ್ರೆಡ್ಡಿಗೆ ತುಕ್ಕು, ಆಮೇಲೆ ಒಂದಿನ ಗೇಟ್ ಹತ್ರ ನಿಧಾನಕ್ಕೆ ತಿರುಗಿಸ್ತಿದ್ದಾಗ ಕಂಬ ಮುರಿದು ಚಕ್ರ ಮಡಚ್ಕೊಳ್ಳುತ್ತೆ. ಒಂದು ಗ್ರೀಸ್ ಗನ್ನನ್ನ ಇದಕ್ಕೇ ಅಂತ ಎತ್ತಿಟ್ಟು ಆಯಿಲ್ ತುಂಬಿ, ಮೇಲೆ ಪೇಂಟಲ್ಲಿ ದೊಡ್ಡದಾಗಿ 'ಆಯಿಲ್ ಮಾತ್ರ' ಅಂತ ಬರೆದಿಡಿ, ಇಲ್ಲಾಂದ್ರೆ ಶೆಡ್ಡಲ್ಲಿ ಯಾರಾದ್ರೂ ಒಬ್ರು ಸಹಾಯ ಮಾಡ್ತೀನಿ ಅಂತ ಗ್ರೀಸ್ ತುಂಬೇ ತುಂಬ್ತಾರೆ.