ತಲೆ ಅಲ್ಲಾಡಿದರೂ ಓದಬಹುದು, ಫೋನ್ ಅಲ್ಲಾಡಿದರೆ ಯಾಕೆ ಆಗುವುದಿಲ್ಲ?

ಓದುಗರ ಪ್ರಶ್ನೆ: ಫೋನನ್ನು ಎದುರಿಗೆ ಹಿಡಿದುಕೊಂಡು, ‘ಇಲ್ಲ ಇಲ್ಲ’ ಅನ್ನುವ ಹಾಗೆ ಬೇಗ ಬೇಗ ತಲೆ ಅಲ್ಲಾಡಿಸಿದರೂ ಅಕ್ಷರ ಓದಬಹುದು. ತಲೆಯನ್ನು ಸುಮ್ನೆ ಇಟ್ಟುಕೊಂಡು ಫೋನನ್ನು ಅಷ್ಟೇ ಬೇಗ ಅಲ್ಲಾಡಿಸಿದರೆ ಎಲ್ಲಾ ಕಲಸಿಹೋಗುತ್ತದೆ. ಎರಡರಲ್ಲೂ ಕಣ್ಣಿಗೆ ಇರುವ ಕೆಲಸ ಒಂದೇ ಅಲ್ವಾ?

ಹೌದು, ಕೆಲಸ ಒಂದೇ. ಕಣ್ಣು ತಿರುಗಬೇಕಾದ ದೂರವೂ ವೇಗವೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಸುದ್ದಿ ಬರುವ ದಾರಿ ಬೇರೆ. ಫೋನ್ ಅಲ್ಲಾಡಿದ್ದು ಮಿದುಳಿಗೆ ಗೊತ್ತಾಗುವುದು ಕಣ್ಣಿನಿಂದ. ತಲೆ ಅಲ್ಲಾಡಿದ್ದು ಗೊತ್ತಾಗುವುದು ಕಿವಿಯಿಂದ. ಈ ವಿಷಯದಲ್ಲಿ ಕಿವಿಯ ಮುಂದೆ ಕಣ್ಣು ತುಂಬಾ ನಿಧಾನ.

ಮೊದಲು ಕಣ್ಣು ತಿರುಗುವುದು ಹೇಗೆ ಅಂತ ನೋಡೋಣ. ಒಂದೊಂದು ಕಣ್ಣುಗುಡ್ಡೆಗೂ ಆರು ಸ್ನಾಯುಗಳಿವೆ. ನಾಲ್ಕು ನೇರವಾದವು: ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ. ಇನ್ನೆರಡು ಓರೆಯವು. ಅದರಲ್ಲಿ ಮೇಲಿನ ಓರೆ ಸ್ನಾಯುವಿನ ರಚನೆ ಚೆಂದ. ಅದು ಕಣ್ಣಿನ ಗೂಡಿನ ಹಿಂಭಾಗದಿಂದ ಹೊರಟು, ಮೂಗಿನ ಪಕ್ಕದ ಮೂಲೆಯಲ್ಲಿರುವ ಒಂದು ಪುಟ್ಟ ಕುಣಿಕೆಯೊಳಗೆ ನುಗ್ಗಿ, ಬಾವಿಯ ರಾಟೆಯ ಮೇಲಿನ ಹಗ್ಗದಂತೆ ದಿಕ್ಕು ಬದಲಿಸಿ ಕಣ್ಣುಗುಡ್ಡೆಗೆ ಅಂಟಿಕೊಳ್ಳುತ್ತದೆ. ಈ ಆರನ್ನೂ ನಡೆಸಲು ಮಿದುಳಿನಿಂದ ಮೂರು ನರಗಳು ಬರುತ್ತವೆ. ನಾಲ್ಕನೆಯ ನರ ಈ ರಾಟೆಯ ಸ್ನಾಯುವಿಗೆ ಮಾತ್ರ, ಆರನೆಯದು ಕಿವಿಯ ಕಡೆಗೆ ಎಳೆಯುವ ಸ್ನಾಯುವಿಗೆ ಮಾತ್ರ. ಉಳಿದ ನಾಲ್ಕೂ ಮೂರನೆಯ ನರದ ಪಾಲು.

ಓರೆ ಸ್ನಾಯುಗಳ ಒಂದು ಕೆಲಸವನ್ನು ನೀವೇ ನೋಡಬಹುದು. ಕನ್ನಡಿಯ ಹತ್ತಿರ ನಿಂತು, ಕಣ್ಣಿನ ಬಿಳಿಯ ಮೇಲಿನ ಒಂದು ಕೆಂಪು ಎಳೆಯನ್ನು ಗುರುತು ಮಾಡಿಕೊಳ್ಳಿ. ಈಗ ತಲೆಯನ್ನು ನಿಧಾನಕ್ಕೆ ಭುಜದ ಕಡೆ ವಾಲಿಸಿ. ತಲೆ ವಾಲಿದಷ್ಟು ಆ ಎಳೆ ವಾಲುವುದಿಲ್ಲ. ಕಣ್ಣುಗುಡ್ಡೆ ತನ್ನ ಜಾಗದಲ್ಲೇ ಕೆಲವು ಡಿಗ್ರಿ ಹಿಮ್ಮುಖವಾಗಿ ಸುತ್ತಿರುತ್ತದೆ.

ಇಷ್ಟೆಲ್ಲಾ ಕಸರತ್ತು ಯಾಕೆ ಬೇಕು? ನಮ್ಮ ಕಣ್ಣು ಚೆನ್ನಾಗಿ ಓದಬಲ್ಲದ್ದು ನಡುವಿನ ಒಂದು ಸಣ್ಣ ಜಾಗದಲ್ಲಿ ಮಾತ್ರ. ಕೈ ಪೂರ್ತಿ ಚಾಚಿದಾಗ ಹೆಬ್ಬೆರಳ ಉಗುರು ಎಷ್ಟು ಕಾಣುತ್ತದೋ ಹೆಚ್ಚುಕಮ್ಮಿ ಅಷ್ಟೇ. ಅಕ್ಷರ ಅದರಿಂದ ಜಾರಿತೆಂದರೆ ಮಸುಕು. ಹಾಗಾಗಿ ಕಣ್ಣು ಸದಾ ಗುರಿ ಹಿಡಿದಿರಬೇಕು.

ಫೋನ್ ಅಲ್ಲಾಡಿದಾಗ ಅಕ್ಷರ ಜಾರಿದ ಮೇಲೆಯೇ ಮಿದುಳಿಗೆ ತಿಳಿಯುವುದು. ಕಂಡದ್ದನ್ನು ಅರ್ಥಮಾಡಿಕೊಂಡು ಸ್ನಾಯುಗಳಿಗೆ ಆಜ್ಞೆ ಹೋಗುವಷ್ಟರಲ್ಲಿ ಸುಮಾರು 100 ಮಿಲಿಸೆಕೆಂಡ್ ಕಳೆದಿರುತ್ತದೆ. ಸೆಕೆಂಡಿಗೆ ಮೂರು ಸಲ ಫೋನ್ ಅತ್ತಿತ್ತ ಹೋಗುತ್ತಿದ್ದರೆ, ಅಷ್ಟರಲ್ಲಿ ಅದು ಒಂದು ಬದಿಯಿಂದ ಇನ್ನೊಂದು ಬದಿಗೆ ಅರ್ಧಕ್ಕಿಂತ ಜಾಸ್ತಿ ದಾರಿ ಮುಗಿಸಿರುತ್ತದೆ. ನಿಧಾನವಾಗಿ ಹಾರುವ ಹಕ್ಕಿಯನ್ನು ಹಿಂಬಾಲಿಸಲು ಈ ವ್ಯವಸ್ಥೆ ಸಾಕು. ಅಲ್ಲಾಡುವ ಫೋನಿಗೆ ಸಾಲದು.

ತಲೆ ಅಲ್ಲಾಡಿದಾಗ ನಡೆಯುವುದೇ ಬೇರೆ. ಎರಡೂ ಕಿವಿಗಳ ಒಳಗೆ, ಮೂಳೆಯ ಆಳದಲ್ಲಿ, ಮೂರು ಮೂರು ಅರ್ಧವೃತ್ತದ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದ ಕೂಡಲೇ ನಾಳ ತಿರುಗುತ್ತದೆ, ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ, ಅಲ್ಲಿನ ಸೂಕ್ಷ್ಮ ಕೂದಲು ಬಾಗುತ್ತದೆ. ಆ ಸುದ್ದಿ ಕಣ್ಣಿನ ಸ್ನಾಯುವಿಗೆ ಮುಟ್ಟಲು ಬರೀ ಮೂರು ನರಕೋಶಗಳ ಸರಪಳಿ ಸಾಕು. ಬೇಕಾಗುವ ಸಮಯ ಸುಮಾರು 10 ಮಿಲಿಸೆಕೆಂಡ್. ತಲೆ ಎಡಕ್ಕೆ ತಿರುಗಿತೆಂದರೆ ಬಲಗಣ್ಣಿನ ಹೊರ ಸ್ನಾಯು, ಎಡಗಣ್ಣಿನ ಒಳ ಸ್ನಾಯು ಒಟ್ಟಿಗೇ ಎಳೆದು ಎರಡೂ ಕಣ್ಣುಗಳನ್ನು ಬಲಕ್ಕೆ ತಿರುಗಿಸುತ್ತವೆ. ಯೋಚನೆ ಬೇಡ, ನೋಟವೂ ಬೇಡ. ಕತ್ತಲಲ್ಲೂ ಇದು ನಡೆಯುತ್ತದೆ.

ಇದಿಲ್ಲದಿದ್ದರೆ ಬದುಕು ಹೇಗಿರುತ್ತದೆ? ಅಮೆರಿಕದ ಒಬ್ಬ ವೈದ್ಯರಿಗೆ ಕ್ಷಯಕ್ಕೆ ಕೊಟ್ಟ ಸ್ಟ್ರೆಪ್ಟೊಮೈಸಿನ್‌ನಿಂದ ಒಳಗಿವಿಯ ಈ ಭಾಗ ಹಾಳಾಗಿತ್ತು. ಅವರು 1952ರಲ್ಲಿ ತಮ್ಮ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹಾಸಿಗೆಯಲ್ಲಿ ಕೂತು ಓದಲು ಹೋದರೆ ಅಕ್ಷರಗಳು ಕುಣಿಯುತ್ತಿದ್ದವಂತೆ. ಕಾರಣ, ನಾಡಿ ಮಿಡಿದಾಗ ತಲೆಗೆ ಆಗುವ ಅತಿ ಸಣ್ಣ ಅಲುಗಾಟ! ಕೊನೆಗೆ ಮಂಚದ ತಲೆದೆಸೆಯ ಎರಡು ಲೋಹದ ಸರಳುಗಳ ನಡುವೆ ತಲೆಯನ್ನು ಸಿಕ್ಕಿಸಿಕೊಂಡು ಓದಿದರು. ನಮ್ಮ ತಲೆಗಳೂ ಪ್ರತಿ ನಾಡಿಬಡಿತಕ್ಕೆ ಅಲುಗುತ್ತಲೇ ಇರುತ್ತವೆ. ಅದು ನಮಗೆ ಗೊತ್ತಾಗದಂತೆ ಕಿವಿ ನೋಡಿಕೊಳ್ಳುತ್ತಿದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ದೊಡ್ಡ ಅಚ್ಚರಿ ಇದೇ.

ಹೊಸ ಕನ್ನಡಕ ಹಾಕಿಕೊಂಡ ಮೊದಲ ದಿನಗಳಲ್ಲಿ ತಲೆ ತಿರುಗಿಸಿದರೆ ನೆಲ ತೇಲಿದಂತೆ ಆಗುತ್ತದಲ್ಲ, ಅದಕ್ಕೂ ಇದು ಒಂದು ಕಾರಣ. ಮಸೂರ ಚಿತ್ರವನ್ನು ದೊಡ್ಡದೋ ಚಿಕ್ಕದೋ ಮಾಡಿರುತ್ತದೆ, ಕಣ್ಣು ಹಳೆಯ ಲೆಕ್ಕದಲ್ಲೇ ತಿರುಗುತ್ತಿರುತ್ತದೆ. ಕಿರುಮಿದುಳು ಆ ತಪ್ಪನ್ನು ಗಮನಿಸುತ್ತಾ ಲೆಕ್ಕ ಸರಿಮಾಡುತ್ತದೆ. ಹಾಗಾಗಿ ಹಾಕಿದ ಕನ್ನಡಕವನ್ನು ಪದೇ ಪದೇ ತೆಗೆಯದೆ ಕೆಲವು ದಿನ ಹಾಕಿಕೊಂಡೇ ಇದ್ದು ನೋಡುವುದು ಒಳ್ಳೆಯದು.

ಇನ್ನು ಕುಲುಕುವ ಬಸ್ಸು. ಅಲ್ಲಿ ತಲೆಯೂ ಕುಣಿಯುತ್ತದೆ, ಕೈಯಲ್ಲಿರುವ ಫೋನೂ ಕುಣಿಯುತ್ತದೆ. ಕಿವಿ ತನ್ನ ಕೆಲಸ ಸರಿಯಾಗಿ ಮಾಡಿ ಕಣ್ಣನ್ನು ಹೊರಗಿನ ಲೋಕಕ್ಕೆ ಸ್ಥಿರವಾಗಿ ಹಿಡಿಯುತ್ತದೆ. ಆದರೆ ಫೋನ್ ಲೋಕದ ಜೊತೆ ನಿಂತಿಲ್ಲ. ಅದಕ್ಕೇ ಕಿಟಕಿಯಾಚೆಯ ಬೋರ್ಡು ಓದುವುದು ಸುಲಭ, ಕೈಯಲ್ಲಿರುವ ಮೆಸೇಜು ಕಷ್ಟ.

ಯಾರಿಗಾದರೂ ನಡೆಯುವಾಗ ಎದುರಿನ ಬೋರ್ಡು, ಮುಖಗಳು ಕುಣಿದಂತೆ ಕಂಡರೆ, ಅದೂ ಜೆಂಟಾಮೈಸಿನ್‌ನಂಥ ಇಂಜೆಕ್ಷನ್ ಪಡೆದ ಮೇಲೆ ಶುರುವಾಗಿದ್ದರೆ, ತಡಮಾಡದೆ ಕಿವಿ ಅಥವಾ ನರರೋಗ ತಜ್ಞರನ್ನು ಕಾಣಬೇಕು. ಇದಕ್ಕೆ 1988ರಲ್ಲಿ ಹಾಲ್ಮಾಗಿ, ಕರ್ಥಾಯ್ಸ್ ಎಂಬ ಇಬ್ಬರು ವಿವರಿಸಿದ ಸರಳ ಪರೀಕ್ಷೆ ಇದೆ. ರೋಗಿ ವೈದ್ಯರ ಮೂಗನ್ನೇ ನೋಡುತ್ತಿರಬೇಕು. ವೈದ್ಯರು ಅವರ ತಲೆಯನ್ನು ಫಕ್ಕನೆ ಸ್ವಲ್ಪ ಪಕ್ಕಕ್ಕೆ ತಿರುಗಿಸುತ್ತಾರೆ. ಕಿವಿ ಸರಿಯಿದ್ದರೆ ನೋಟ ಮೂಗಿನ ಮೇಲೆಯೇ ಇರುತ್ತದೆ. ಇಲ್ಲದಿದ್ದರೆ ಕಣ್ಣು ತಲೆಯ ಜೊತೆಗೇ ಹೋಗಿ, ಆಮೇಲೆ ಮೂಗಿಗೆ ಜಿಗಿದು ಬರುತ್ತದೆ. ಕತ್ತಿಗೆ ಪೆಟ್ಟಾಗಬಾರದು ಅಂತ ಇದನ್ನು ಮನೆಯಲ್ಲಿ ಮಾಡಬೇಡಿ, ವೈದ್ಯರೇ ಮಾಡಲಿ.