ಅಜ್ಜಿಯ ಬಾಯಿಗೆ ಬೀಗ ಹಾಕಬೇಡಿ

ಮೊನ್ನೆ ಸೋಮವಾರ ಮತ್ತೆ ಅದೇ ಆಯಿತು. ಎರಡೂವರೆ ವರ್ಷದ ಮಗು, ಇನ್ನೂ ಮಾತು ಬಂದಿಲ್ಲ ಎಂದು ಕರೆತಂದಿದ್ದರು. ನಾನು ಏನಾದರೂ ಕೇಳುವ ಮೊದಲೇ ಅಪ್ಪ ಹೇಳಿದರು, "ಮೇಡಂ, ಮನೇಲಿ ಕನ್ನಡ ಪೂರ್ತಿ ನಿಲ್ಲಿಸಿಬಿಟ್ಟಿದ್ದೀವಿ. ಎರಡು ಭಾಷೆ ಆದ್ರೆ ಕನ್‌ಫ್ಯೂಸ್ ಆಗುತ್ತೆ ಅಲ್ವಾ? ಈಗ ಬರೀ ಇಂಗ್ಲಿಷ್." ಒಳ್ಳೆಯ ಕೆಲಸ ಮಾಡಿದ್ದೇವೆ ಎನ್ನುವ ನೆಮ್ಮದಿ ಅವರ ಮುಖದಲ್ಲಿತ್ತು. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ.

ಮೈಸೂರಿನಲ್ಲಿ ಓದಿ, 18 ವರ್ಷದಿಂದ ಬೆಂಗಳೂರಿನಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಇದೇ. ಆದ್ದರಿಂದ ಇವತ್ತು ಇದೊಂದನ್ನೇ ಬರೆಯುತ್ತೇನೆ, ಹೇಳಿದ್ದನ್ನೇ ಹೇಳಿದೆ ಅನ್ನಿಸಿದರೂ ಪರವಾಗಿಲ್ಲ.

ಎರಡು ಭಾಷೆ ಕೇಳಿದ್ದರಿಂದ ಮಗುವಿಗೆ ಮಾತು ತಡವಾಗುವುದಿಲ್ಲ. ಮೂರು ಭಾಷೆ ಕೇಳಿದರೂ ಆಗುವುದಿಲ್ಲ. ಎರಡು ಭಾಷೆಯ ಮನೆಯ ಮಗುವಿನ ಮೊದಲ ಪದವೂ ಉಳಿದವರ ಹಾಗೆ ಒಂದು ವರ್ಷದ ಆಸುಪಾಸಿನಲ್ಲೇ ಬರುತ್ತದೆ, ಎರಡು ಪದ ಜೋಡಿಸುವುದೂ ಎರಡು ವರ್ಷದ ಹೊತ್ತಿಗೇ. ಬರೀ ಕನ್ನಡ ಪದ ಎಣಿಸಿದರೆ ಕಡಿಮೆ ಅನ್ನಿಸಬಹುದು, ಬರೀ ಇಂಗ್ಲಿಷ್ ಎಣಿಸಿದರೂ ಹಾಗೇ. ಎರಡನ್ನೂ ಸೇರಿಸಿ ಎಣಿಸಬೇಕು. "ಅಮ್ಮಾ, ಮಿಲ್ಕ್ ಬೇಕು" ಎಂದರೆ ಮಗು ಗೊಂದಲದಲ್ಲಿದೆ ಎಂದಲ್ಲ. ಮೂರು ಪದ ಸರಿಯಾಗಿ ಜೋಡಿಸಿದೆ ಎಂದು ಅರ್ಥ. ನಾವೆಲ್ಲ ಹಾಗೇ ತಾನೇ ಮಾತಾಡುವುದು? ಕೋಲಾರದ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಮಂಗಳೂರಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಜೊತೆಗೆ ಕನ್ನಡ. ಬೆಳಗಾವಿಯಲ್ಲಿ ಮರಾಠಿ. ಎರಡು ಭಾಷೆಯಿಂದ ಮಕ್ಕಳು ಮೂಕರಾಗುವುದಾದರೆ ಅರ್ಧ ಕರ್ನಾಟಕ ಎಂದೋ ಮಾತು ನಿಲ್ಲಿಸಿಬಿಡಬೇಕಿತ್ತು.

ಇಷ್ಟು ಹೇಳಿದ ಮೇಲೂ ಬಾಗಿಲ ಹತ್ತಿರ ನಿಂತು ಕೇಳುತ್ತಾರೆ, "ಆದ್ರೂ ಮೇಡಂ, ಸದ್ಯಕ್ಕೆ ಒಂದೇ ಭಾಷೆ ಇಟ್ಕೊಂಡ್ರೆ ಸೇಫ್ ಅಲ್ವಾ?" ಅಲ್ಲ. ಯಾಕೆ ಅಲ್ಲ ಎಂದು ಒಂದು ಮಗುವಿನ ಕಥೆ ಹೇಳಿ ತೋರಿಸುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಹೆಸರು ಚಿನ್ನು ಎಂದಿರಲಿ.

ಚಿನ್ನುಗೆ ಆಗ 2 ವರ್ಷ 8 ತಿಂಗಳು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗುವನ್ನು ನೋಡಿಕೊಳ್ಳಲೆಂದೇ ಅಜ್ಜಿ ಅರಸೀಕೆರೆ ಕಡೆಯ ಹಳ್ಳಿಯಿಂದ ಬಂದಿದ್ದರು. ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ಮನೆಯಲ್ಲಿ ಇವರಿಬ್ಬರೇ. ಪ್ಲೇಸ್ಕೂಲಿಗೆ ಸೇರಿಸಲು ಹೋದಾಗ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ ಎಂದು ಹೇಳಿ ಕಳಿಸಿದ್ದರಂತೆ. ಅಂದಿನಿಂದ ಮಗುವಿನ ಜೊತೆ ಕನ್ನಡದಲ್ಲಿ ಮಾತಾಡಬೇಡಿ ಎಂದು ಅಜ್ಜಿಗೆ ಮಗನೇ ಹೇಳಿದ್ದ. ನಾನು ಕೇಳಿದಾಗ ಅವರು ಸೆರಗು ಸರಿ ಮಾಡಿಕೊಳ್ಳುತ್ತಾ, "ನಂಗೆ ಇಂಗ್ಲೀಸು ಬರಾಕಿಲ್ಲ ಕಣವ್ವ, ಅದ್ಕೇ ಸುಮ್ನಿರ್ತೀನಿ" ಎಂದರು. ದಿನಕ್ಕೆ ಹನ್ನೊಂದು ಗಂಟೆ ಸುಮ್ಮನಿರುವುದು! ಅಷ್ಟು ಹೊತ್ತೂ ಮಗುವಿನ ಕೈಯಲ್ಲಿ ಫೋನು, ಅದರಲ್ಲಿ ಇಂಗ್ಲಿಷ್ ರೈಮ್ಸ್.

ಸಂಜೆ ಮನೆಯಲ್ಲಿ ಹತ್ತು ನಿಮಿಷ ನಿಮ್ಮ ಮಾತನ್ನು ರೆಕಾರ್ಡ್ ಮಾಡಿ ತನ್ನಿ ಎಂದು ಅಮ್ಮನಿಗೆ ಹೇಳಿದೆ. ಮುಂದಿನ ವಾರ ಕೂತು ಕೇಳಿದೆವು. ಕಮ್. ಸಿಟ್. ಈಟ್. ಡೋಂಟ್ ಟಚ್. ನೋ ನೋ. ವಾಟ್ ಕಲರ್ ಈಸ್ ದಿಸ್? ಸೇ ಬ್ಲೂ. ಸೇ, ಸೇ. ಇಷ್ಟೇ. ಆ ಹೆಣ್ಣುಮಗಳು ಮಂಕು ಅಲ್ಲ, ಎಂಜಿನಿಯರಿಂಗ್ ಓದಿದವರು, ಆಫೀಸಿನಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆ. ಆದರೆ ಅದು ಮೀಟಿಂಗಿನ ಇಂಗ್ಲಿಷ್. ಮಗುವನ್ನು ಮುದ್ದು ಮಾಡುವ, ರಮಿಸುವ, ಸುಮ್ನೆ ಹರಟುವ ಇಂಗ್ಲಿಷ್ ಅವರಿಗೆ ಯಾರೂ ಆಡಿ ತೋರಿಸಿಲ್ಲ. ಆ ಭಾಷೆಯಲ್ಲಿ ಅವರಿಗೆ ಬರುವುದು ಎರಡೇ, ಅಪ್ಪಣೆ ಮತ್ತು ಪರೀಕ್ಷೆ.

ಇದೇ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು. ಕನ್ನಡ ಹೋದ ಜಾಗಕ್ಕೆ ಇಂಗ್ಲಿಷ್ ಬರುತ್ತಿಲ್ಲ. ಆ ಜಾಗ ಖಾಲಿ ಉಳಿಯುತ್ತಿದೆ.

ಮಗು ಮಾತು ಕಲಿಯುವುದು ಕೊಟ್ಟು ತೆಗೆದುಕೊಳ್ಳುವ ಆಟದಲ್ಲಿ. ಅದು "ಆ" ಎಂದರೆ ನಾವು "ಏನೋ ಬಂಗಾರ, ಹಸಿವಾಯ್ತಾ, ಅಯ್ಯೋ ಹೊಟ್ಟೆ ಚುರ್ ಅಂತಾ?" ಎನ್ನಬೇಕು. ಅದಕ್ಕೆ ಅದು ಮತ್ತೆ ಏನೋ ಅನ್ನಬೇಕು. ಹೀಗೆ ದಿನಕ್ಕೆ ನೂರಾರು ಸಲ ನಡೆಯಬೇಕು. ಬಿಸಿ ಎಂದರೇನು, ಆಮೇಲೆ ಎಂದರೆ ಯಾವಾಗ, ಒಳಗೆ, ಕೆಳಗೆ, ನಿಂದು, ನಂದು, ಇವೆಲ್ಲ ಮೊದಲು ಅನುಭವವಾಗಿ ತಲೆಗೆ ಹೋಗಬೇಕು. ಒಮ್ಮೆ ಬಿಸಿ ಗೊತ್ತಾದ ಮಗುವಿಗೆ ಹಾಟ್ ಎನ್ನುವುದು ಅದಕ್ಕೇ ಇನ್ನೊಂದು ಹೆಸರು, ಒಂದೇ ದಿನದಲ್ಲಿ ಕಲಿಯುತ್ತದೆ. ಬಿಸಿಯೇ ಗೊತ್ತಿಲ್ಲದ ಮಗುವಿಗೆ ಹಾಟ್ ಬರೀ ಸದ್ದು.

ಫೋನಿನಿಂದ ಇಂಗ್ಲಿಷ್ ಬರುತ್ತದಲ್ಲ ಎನ್ನುವವರಿಗೂ ಒಂದು ಮಾತು. 2003ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಅವರ ತಂಡ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿದರು. ಎದುರು ಕೂತು ಆಟವಾಡಿಸುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ಪರದೆಯ ಮೇಲೆ ಕೇಳಿಸಿದ ಕೂಸುಗಳು ಏನೂ ಕಲಿಯಲಿಲ್ಲ. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, ಆಮೇಲೆ ಐದರವರೆಗೆ ದಿನಕ್ಕೆ 1 ಗಂಟೆ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನನ್ನಲ್ಲಿಗೆ ಬರುವ ಎಷ್ಟೋ ಮಕ್ಕಳಿಗೆ ಎ ಬಿ ಸಿ ಪೂರ್ತಿ ಬರುತ್ತದೆ, ಎಲ್ಲ ಬಣ್ಣದ ಹೆಸರೂ ಬರುತ್ತದೆ, ನೀರು ಬೇಕಾದರೆ ಮಾತ್ರ ಅಮ್ಮನ ಕೈ ಹಿಡಿದು ಫ್ರಿಜ್ ಹತ್ತಿರ ಎಳೆಯುತ್ತವೆ. ಊರಿನಲ್ಲಿರುವ ತಾತನ ಜೊತೆ ವಿಡಿಯೋ ಕಾಲ್ ಮಾಡುವುದು ಬೇರೆ ಮಾತು. ಅಲ್ಲಿ ಆ ಕಡೆಯಿಂದ ತಾತ ಉತ್ತರ ಕೊಡುತ್ತಾರೆ. ಅಮೆರಿಕದಲ್ಲಿರುವ ನಮ್ಮವರು ಕೇಳಿದಾಗ ನಾನು ಅದನ್ನು ಧಾರಾಳವಾಗಿ ಮಾಡಿ ಎನ್ನುತ್ತೇನೆ.

ತಂದೆತಾಯಿಯರನ್ನು ಬೈದು ಉಪಯೋಗವಿಲ್ಲ. ನಾನು ಬೆಳೆದದ್ದು ಒಂದು ವಠಾರದಲ್ಲಿ, ಎಂಟು ಮನೆಗೆ ಒಂದೇ ನಲ್ಲಿ. ಅಮ್ಮನಿಗೆ ನನ್ನ ಜೊತೆ ಮಾತಾಡಲು ಪುರುಸೊತ್ತಿಲ್ಲದಿದ್ದರೆ ಪಕ್ಕದ ಮನೆಯ ತಮಿಳು ಮಾಮಿ ಮಾತಾಡುತ್ತಿದ್ದರು, ಇಲ್ಲವೇ ಕೊಡ ಹಿಡಿದು ಸಾಲಿನಲ್ಲಿ ನಿಂತ ಯಾರಾದರೂ. ಈಗ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಆ ಹತ್ತು ಬಾಯಿಗಳ ಕೆಲಸ ಒಂದು ಬಾಯಿಯ ಮೇಲೆ ಬಿದ್ದಿದೆ, ಅದೂ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸುಸ್ತಾಗಿ ಬಂದ ಬಾಯಿ. ಮೇಲಿಂದ ಇಂಗ್ಲಿಷಿನ ಭಯ. ಆ ಭಯ ಈಗ ನಗರದ್ದಷ್ಟೇ ಅಲ್ಲ, 2019ರಲ್ಲಿ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ವಿಭಾಗ ಶುರುವಾಯಿತು. ಮಾಗಡಿ, ಕನಕಪುರದ ಕಡೆಯಿಂದ ಬರುವವರೂ ಈಗ ಇದೇ ಮಾತು ಹೇಳುತ್ತಾರೆ. ಶಾಲೆಗೆ ಯಾವ ಮಾಧ್ಯಮ ಬೇಕೋ ಅದನ್ನು ಆರಿಸಿಕೊಳ್ಳಿ, ಅದು ನಿಮ್ಮ ಹಕ್ಕು. 2014ರಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಆದರೆ ಅದು ಶಾಲೆಯ ವಿಷಯ, ನಿಮ್ಮ ಅಡುಗೆಮನೆಯದ್ದಲ್ಲ.

ಚಿನ್ನು ವಿಷಯಕ್ಕೆ ಬರುತ್ತೇನೆ. ಜನವರಿ, ಅವರೆಕಾಯಿ ಕಾಲ. ಕಾಯುವ ಹೊತ್ತು ವ್ಯರ್ಥವಾಗಬಾರದೆಂದು ಅಜ್ಜಿ ನೆನೆಸಿದ ಅವರೆಕಾಳನ್ನು ಸ್ಟೀಲ್ ಡಬ್ಬಿಯಲ್ಲಿ ತಂದಿದ್ದರು, ರಾತ್ರಿಗೆ ಹಿತಕಿದ ಬೇಳೆ ಸಾರು ಮಾಡಲು. ನಾನು ನನ್ನ ಆಟದ ಸಾಮಾನು ಪಕ್ಕಕ್ಕಿಟ್ಟು, "ಅಜ್ಜಿ, ಇಲ್ಲೇ ಕೂತು ಹಿತುಕಿ, ನಿಮ್ಮ ಮಾತಲ್ಲೇ ಮೊಮ್ಮಗನಿಗೆ ಹೇಳ್ತಾ ಹಿತುಕಿ" ಎಂದೆ. ಅವರು ಮಗನ ಮುಖ ನೋಡಿದರು. ಆಮೇಲೆ ನೆಲದ ಮೇಲೆ ಕೂತರು. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಡಬ್ಬಿಗೆ ಬೀಳುತ್ತದಲ್ಲ, ಪ್ರತಿ ಸಲವೂ "ಪಚಕ್! ಎಲ್ಲೋಯ್ತೋ ಮಗಾ? ಓ, ಅಲ್ಲಿ ಬಿತ್ತು" ಎಂದರು. ನಾಲ್ಕನೇ ಕಾಳಿಗೆ ಚಿನ್ನು ಹತ್ತಿರ ಸರಿದ. ಅವನ ಬೆರಳಿಗೆ ಒಂದು ಕಾಳು ಇಟ್ಟು, ಮೇಲೆ ತಮ್ಮ ಬೆರಳಿಟ್ಟು ಒತ್ತಿಸಿದರು. ಬೇಳೆ ಹಾರಿ ನನ್ನ ಸೀರೆಯ ಮೇಲೆ ಬಿತ್ತು. ಅವನು ನಕ್ಕ. ಅಜ್ಜಿ ಮುಂದಿನ ಕಾಳನ್ನು ಕೈಯಲ್ಲೇ ಹಿಡಿದು, ಕೊಡದೆ, ಅವನನ್ನೇ ನೋಡುತ್ತಾ ಕಾದರು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಮಗೆ ಕಾಲೇಜಿನಲ್ಲಿ ಕಲಿಸಿದ್ದು ಇದೇ. ಚಿನ್ನು "ಪಚ್" ಎಂದ. ಇನ್ನೂ ಸ್ವಲ್ಪ ಹೊತ್ತಿಗೆ, ಕೈ ಚಾಚಿ, "ಇನ್ನೊ".

ಅವನ ಅಪ್ಪ ಕಿಟಕಿಯ ಕಡೆ ತಿರುಗಿ ನಿಂತರು.

ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಎಂದು ದಯವಿಟ್ಟು ತಿಳಿಯಬೇಡಿ. ಮಾತು ತಡವಾಗಲು ಕಿವಿ ಕೇಳಿಸದಿರುವುದು, ಆಟಿಸಂ, ಬೆಳವಣಿಗೆಯ ಬೇರೆ ತೊಂದರೆ, ಹೀಗೆ ಹಲವು ಕಾರಣ ಇರಬಹುದು. ಬರೀ ಕನ್ನಡ ಮಾತಾಡಿದರೆ ಅವು ಹೋಗುವುದಿಲ್ಲ. ಒಂದು ವರ್ಷಕ್ಕೆ ಬಾ ಬಾ, ದಾ ದಾ ಎನ್ನದಿದ್ದರೆ, ಕರೆದರೆ ತಿರುಗದಿದ್ದರೆ, 16 ತಿಂಗಳಿಗೆ ಒಂದು ಪದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ಹೋದರೆ, ತೋರಿಸಿ. ಮೊದಲು ಕಿವಿ ಪರೀಕ್ಷೆ. ಗಂಡುಮಕ್ಕಳಿಗೆ ಮಾತು ನಿಧಾನ, ಅವರಪ್ಪನೂ ಹಾಗೇ ಇದ್ದ ಎಂದು ವರ್ಷ ಕಳೆಯಬೇಡಿ. ದುಡ್ಡಿನ ಚಿಂತೆಯಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಾತಿನ ತಡವನ್ನೂ ನೋಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯೂ ಇದೆ. ಇಂಥ ಮಕ್ಕಳಿಗೂ ಮನೆಮಾತು ಬಿಡಿಸುವ ಅಗತ್ಯವಿಲ್ಲ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ, ತುಳು ಮಾತಾಡುವ ಒಂದು ಮನೆಯವರಿಗೆ, ಸದ್ಯಕ್ಕೆ ತುಳು ಬಿಟ್ಟು ಕನ್ನಡ ಮಾತ್ರ ಇಟ್ಟುಕೊಳ್ಳಿ ಎಂದು ನಾನೇ ಹೇಳಿದ್ದೆ. ಆಗ ಎಷ್ಟೋ ಜನ ಹಾಗೆ ಹೇಳುತ್ತಿದ್ದೆವು. ಎರಡು ತಿಂಗಳಾದ ಮೇಲೆ ಆ ಮಗುವಿನ ತಾಯಿ, "ಮಾವ ಈಗ ಮಗೂನ ಎತ್ತಿಕೊಳ್ಳೋದೇ ಕಡಿಮೆ ಮಾಡಿದ್ದಾರೆ" ಎಂದರು. ಏನು ಮಾತಾಡಬೇಕೋ ಗೊತ್ತಾಗದೆ ದೂರ ಕೂರುತ್ತಿದ್ದರಂತೆ. ಅದು ನನ್ನ ತಪ್ಪು. ಇವತ್ತಿಗೂ ಆ ಹಿರಿಯರು ನೆನಪಾಗುತ್ತಾರೆ.

ಈಗ ಬಂದವರಿಗೆಲ್ಲ ಒಂದು ಪ್ರಶ್ನೆ ಕೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಮಗು ಹೊಟ್ಟೆನೋವೆಂದು ಅತ್ತರೆ, ಅರೆನಿದ್ದೆಯಲ್ಲಿ ಯಾವ ಭಾಷೆಯಲ್ಲಿ ಸಮಾಧಾನ ಮಾಡುತ್ತೀರಿ? ಕನ್ನಡವೋ, ಉರ್ದುವೋ, ಕೊಡವ ತಕ್ಕೋ, ಹಗಲಿನಲ್ಲೂ ಅದರಲ್ಲೇ ಮಾತಾಡಿ. ನಿಜವಾಗಿಯೂ ಇಂಗ್ಲಿಷೇ ಬರುವುದಾದರೆ ಇಂಗ್ಲಿಷೇ ಸರಿ.

ಚಿನ್ನುಗೆ ಈಗ ನಾಲ್ಕು ದಾಟಿದೆ. ಇಂಗ್ಲಿಷ್ ಪ್ಲೇಸ್ಕೂಲಿಗೇ ಹೋಗುತ್ತಾನೆ. ಹೋದ ವಾರ ಬಂದವನು ಅಜ್ಜಿಯ ಮಡಿಲಲ್ಲಿ ಕೂತು, "ಮಿಸ್ಸು ಸಿಟ್ ಡೌನ್ ಅಂದ್ಲು, ನಾನು ಕೂತ್ಕೊಂಡೆ, ಅವ್ನು ಕೂತ್ಕಳ್ಳಿಲ್ಲ" ಎಂದು ಚಾಡಿ ಹೇಳಿದ. 'ರ' ಇನ್ನೂ ತಿರುಗುವುದಿಲ್ಲ, 'ಲ' ಆಗುತ್ತದೆ. ಆ ವಯಸ್ಸಿಗೆ ಅದು ತೊಂದರೆಯಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿದೆ.