ಅರ್ಧ ಗಂಟೆ ವಾಕಿಂಗ್ ಸರಿ, ಉಳಿದ ಹೊತ್ತು?

"ದಿನಾ ವಾಕಿಂಗ್ ಮಾಡ್ತೀರಾ?" ಎಂದು ಹೃದಯದ ಡಾಕ್ಟರುಗಳೆಲ್ಲ ಕೇಳುತ್ತೇವೆ. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ನನ್ನ ರೋಗಿಗಳಿಗೆ ನಾನು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೇನೆ: ನಿನ್ನೆ ಎದ್ದಾಗಿನಿಂದ ಮಲಗುವ ತನಕ ಎಲ್ಲೆಲ್ಲಿ ಕೂತಿದ್ದಿರಿ?

ಇವರಲ್ಲಿ ಹೆಚ್ಚಿನವರು ಲ್ಯಾಟಿನೋಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು, ಅದರಲ್ಲೂ ಮೆಕ್ಸಿಕೊ ಕಡೆಯವರು. ಟ್ರಕ್ ಡ್ರೈವರುಗಳ ದಿನವನ್ನೇ ನೋಡಿ. ನಸುಕಿಗೇ ಸೀಟು ಹತ್ತುತ್ತಾರೆ. ಮೆಕ್ಸಿಕೊ ದಾಟುವ ಓಟಾಯ್ ಮೇಸಾ ಗಡಿಯಲ್ಲಿ ಸಾಲು ಸರಿಯುವ ತನಕ ಕೂತೇ ಇರಬೇಕು. ಊಟವೂ ಸೀಟಿನಲ್ಲೇ. ಮನೆಗೆ ಬಂದರೆ ಸೋಫಾ, ಟಿವಿಯಲ್ಲಿ ಫುಟ್‌ಬಾಲ್. ಬೆರಳು ಮಡಚಿ ಗಂಟೆ ಎಣಿಸುತ್ತಾ ಹೋದ ಹಾಗೆ ಅವರಿಗೇ ಗಾಬರಿಯಾಗುತ್ತದೆ. "ನಾನು ಸೋಮಾರಿ ಅಲ್ಲ ಡಾಕ್ಟರೇ" ಅನ್ನುತ್ತಾರೆ. ಖಂಡಿತ ಅಲ್ಲ. ಆದರೆ ದುಡಿದು ಸುಸ್ತಾಗುವುದೇ ಬೇರೆ, ಕಾಲಿನ ಸ್ನಾಯು ಕೆಲಸ ಮಾಡುವುದೇ ಬೇರೆ.

ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯೇಗೋ ಈ 4 ಕಡೆಯ 16,000ಕ್ಕೂ ಹೆಚ್ಚು ಲ್ಯಾಟಿನೋ ವಯಸ್ಕರನ್ನು 2008ರಿಂದ 2011ರ ನಡುವೆ ಒಂದು ದೊಡ್ಡ ಅಧ್ಯಯನಕ್ಕೆ ಸೇರಿಸಿಕೊಂಡರು. ಅವರ ಸೊಂಟಕ್ಕೆ ಚಲನೆ ಅಳೆಯುವ ಪುಟ್ಟ ಸಾಧನ ಕಟ್ಟಿದರು. ಸುಮಾರು 12,000 ಜನರ ಲೆಕ್ಕ 2015ರಲ್ಲಿ ಪ್ರಕಟವಾಯಿತು. ಎಚ್ಚರವಿರುವ 16 ಗಂಟೆಯಲ್ಲಿ ಸರಾಸರಿ 12 ಗಂಟೆ ಅಲುಗಾಟವೇ ಇಲ್ಲ! ಹೆಚ್ಚು ಕೂತವರಲ್ಲಿ ಒಳ್ಳೆಯ ಕೊಲೆಸ್ಟರಾಲ್ ಕಡಿಮೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಮತ್ತು ಸಕ್ಕರೆ ಇಳಿಸುವ ಇನ್ಸುಲಿನ್ ಜಾಸ್ತಿ. ವಾರಕ್ಕೆ 150 ನಿಮಿಷದ ವ್ಯಾಯಾಮ ಪೂರೈಸಿದವರಲ್ಲೂ ಇದು ಕಂಡಿತು. ನನ್ನ ಪ್ರಶ್ನೆಯ ಹಿಂದೆ ಇರುವುದು ಇದೇ.

ತೊಡೆ, ಮೀನಖಂಡದ ಸ್ನಾಯುಗಳು ರಕ್ತದಿಂದ ಸಕ್ಕರೆ, ಕೊಬ್ಬನ್ನು ಎಳೆದುಕೊಳ್ಳುತ್ತವೆ. ಕೂತಾಗ ಆ ಕೆಲಸ ತೀರಾ ನಿಧಾನವಾಗುತ್ತದೆ. ಲ್ಯಾಟಿನೋಗಳು ಇದಕ್ಕೆ ತೆರುವ ಬೆಲೆ ಜಾಸ್ತಿ, ಯಾಕೆಂದರೆ ಅಮೆರಿಕದ ಬಿಳಿಯರಿಗಿಂತ ಇವರಲ್ಲಿ ಡಯಾಬಿಟಿಸ್ ಹೆಚ್ಚು. ಹೃದಯದ ರಕ್ತನಾಳ ಕೆಡಿಸುವುದರಲ್ಲಿ ಅದು ಮುಂದು.

ಹಾಗಂತ ಕೆಲಸ ಬಿಡಿ ಅನ್ನೋಕಾಗುತ್ತಾ? ಟ್ರಕ್ ನಿಂತಾಗಲೆಲ್ಲ ಇಳಿದು, ಚಕ್ರ ನೋಡುವ ನೆಪದಲ್ಲಾದರೂ ಸುತ್ತ ಎರಡು ಸುತ್ತು ಹಾಕಿ ಅನ್ನುತ್ತೇನೆ. ಊಟವಾದ ಮೇಲೆ 10 ನಿಮಿಷ ನಡೆಯಿರಿ. ಮನೆಯಲ್ಲಿ ಫೋನ್ ಬಂದರೆ ಓಡಾಡುತ್ತಾ ಮಾತಾಡಿ. 20 ನಿಮಿಷಕ್ಕೊಮ್ಮೆ ಎದ್ದು 2 ನಿಮಿಷ ನಡೆದರೂ ಊಟದ ನಂತರದ ಸಕ್ಕರೆ ಇಳಿಯುತ್ತದೆ ಎಂದು ಪ್ರಯೋಗದಲ್ಲಿ ಗೊತ್ತಾಗಿದೆ. ಇಲ್ಲಿ 'ಪ್ರೊಮೊತೋರಾ' ಎಂಬ ಆರೋಗ್ಯ ಕಾರ್ಯಕರ್ತೆಯರಿದ್ದಾರೆ, ಅದೇ ಬೀದಿಯವರು, ಸ್ಪ್ಯಾನಿಶ್ ಮಾತಾಡುವವರು. ನಾನು ಹತ್ತು ಸಲ ಹೇಳುವುದಕ್ಕಿಂತ ಅವರು ಒಂದು ಸಲ "ಬಾ, ನಡೆದು ಬರೋಣ" ಅಂದರೆ ಜನ ಬೇಗ ಏಳುತ್ತಾರೆ.

ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಿಗೂ ಇದು ದೂರದ ಮಾತಲ್ಲ. ದಕ್ಷಿಣ ಏಷ್ಯಾದವರಿಗೆ ತೂಕ ಅಷ್ಟೇನೂ ಇಲ್ಲದಿದ್ದರೂ ಡಯಾಬಿಟಿಸ್ ಬರುತ್ತದೆ. ಮೀಟಿಂಗ್ ಮೇಲೆ ಮೀಟಿಂಗ್ ಇದ್ದರೆ ಒಂದನ್ನಾದರೂ ನಿಂತು ಮುಗಿಸಿ. ಆದರೆ ನಡೆಯುವಾಗ ಎದೆ ಬಿಗಿದರೆ, ಅಥವಾ ಉಸಿರು ಕಟ್ಟಿದಂತಾದರೆ, ಸುಮ್ನೆ ಸುಸ್ತು ಅಂದುಕೊಳ್ಳಬೇಡಿ. ಅಲ್ಲೇ ನಿಲ್ಲಿ. ನಿಂತ ಮೇಲೂ ಹೋಗದಿದ್ದರೆ ಆಂಬುಲೆನ್ಸ್ ಕರೆಯಿರಿ. ಹೋದರೂ ತಡಮಾಡದೆ ವೈದ್ಯರಿಗೆ ತೋರಿಸಿ.